ಗೌರಿಯನ್ನು ಕರೆದಿದ್ದು: ಹಳಗನ್ನಡದ ಜೋಡಿ ಕ್ರಿಯಾಪದಗಳ ಕಥೆ

ಹೋದ ಸಲ ಇಂಗ್ಲಿಷಿನ ಕ್ಲೀವ್ ಅನ್ನೋ ಕ್ರಿಯಾಪದದ ಬಗ್ಗೆ ಮಾತಾಡಿದ್ವಿ. ಸೀಳು ಅನ್ನೋದಕ್ಕೂ ಅದೇ ಪದ, ಅಂಟಿಕೊಳ್ಳು ಅನ್ನೋದಕ್ಕೂ ಅದೇ ಪದ. ಒಂದು ಪದಕ್ಕೆ ಎದುರುಬದುರು ಅರ್ಥ ಹೇಗೆ ಬಂತು ಅಂದರೆ, ಅದು ಒಂದು ಪದವೇ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ಲೇಓವನ್ ಅಂದರೆ ಸೀಳು, ಕ್ಲಿವಿಯನ್ ಅಂದರೆ ಅಂಟು. ಉಚ್ಚಾರ ಸವೆದು ಸವೆದು ಎರಡೂ ಒಂದೇ ಆದವು. ಟೆನಿಸ್‌ನಲ್ಲಿ ಚೆಂಡು ನೆಟ್‌ಗೆ ತಾಗಿದಾಗ ಕೂಗುವ ಲೆಟ್ ಕೂಡ ಹಾಗೇ. ‘ಬಿಡು’ ಅನ್ನೋ ಲೆಟ್ ಬೇರೆ, ‘ತಡೆ’ ಅನ್ನೋ ಈ ಹಳೇ ಲೆಟ್ ಬೇರೆ.

ಕನ್ನಡದಲ್ಲೂ ಇಂಥವು ಇವೆ, ಇನ್ನೊಮ್ಮೆ ಹೇಳ್ತೀನಿ ಅಂದಿದ್ದೆ. ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಮನೆಯಲ್ಲೇ ಸಿಕ್ತು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ: ನಾವಿರೋದು ಬಾರಾಮತಿಯಲ್ಲಿ. ಆಫೀಸು ಪುಣೆಯಲ್ಲಿ, ಸುಮಾರು ನೂರು ಕಿಲೋಮೀಟರ್ ದೂರ. ತಿಂಗಳಿಗೆರಡು ಸಲ ಮುಖ ತೋರಿಸಿ ಬಂದರೆ ಸಾಕು, ಉಳಿದಿದ್ದೆಲ್ಲ ಮನೆಯಿಂದ. ಕಿಟಕಿಯಾಚೆ ಕಬ್ಬು, ಪಕ್ಕದ ಮನೆಯ ಕಾಕಾ ಅವರ ಕೊಟ್ಟಿಗೆಯಲ್ಲಿ ಗೌರಿ ಅಂತ ಒಂದು ಹಸು. ಒಂದು ಸಂಜೆ ಅಮ್ಮ ಅರಸೀಕೆರೆ ಕಡೆಯ ನಮ್ಮೂರಿಂದ ವಿಡಿಯೋ ಕಾಲ್ ಮಾಡಿ ಮೊಮ್ಮಗಳನ್ನ ಕೇಳಿದರು: “ಏನ್ ಪುಟ್ಟೀ, ಪಕ್ಕದ ಮನೆಯೋರು ಹಸ ಕರೆದ್ರಾ?” ಐದು ವರ್ಷದ ನನ್ನ ಮಗಳು “ಇಲ್ಲ ಅಜ್ಜಿ, ತಡಿ, ನಾನೇ ಕರೀತೀನಿ” ಅಂದವಳೇ ಗೇಟಿಗೆ ಓಡಿ, “ಗೌರೀ, ಇಕಡೇ ಯೇ!” ಅಂತ ಮರಾಠಿಯಲ್ಲಿ ಕೂಗಿದಳು.

ಅಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆ ಹತ್ತಿತು. ಮಗಳದು ತಪ್ಪೇನಿದೆ? ಅವಳ ಶಾಲೆಯ ಮರಾಠಿಯಲ್ಲಿ ಕೂಗೋದಕ್ಕೆ ಬೋಲಾವಣೆ, ಹಾಲು ಹಿಂಡೋದಕ್ಕೆ ಧಾರ್ ಕಾಢಣೆ. ಗೊಂದಲಕ್ಕೆ ಜಾಗವೇ ಇಲ್ಲ. ನಮ್ಮಲ್ಲಿ ಮಾತ್ರ ಎರಡಕ್ಕೂ ಕರೆ.

ಈಗ ಇರೋದು ಹೀಗೆ. ಎಂಟುನೂರು, ಸಾವಿರ ವರ್ಷದ ಹಿಂದೆ ಹೀಗಿರಲಿಲ್ಲ. ಕೂಗು ಅನ್ನೋದು ಕರೆ. ಹಾಲು ಹಿಂಡು ಅನ್ನೋದು ಕಱೆ. ಎರಡನೇ ಅಕ್ಷರ ನೋಡಿ, ಅದು ರ ಅಲ್ಲ, ಱ. ಇದನ್ನು ಶಕಟರೇಫ ಅಂತಿದ್ದರು, ಸ್ವಲ್ಪ ಗಡಸು ರ ಅಂತಿಟ್ಟುಕೊಳ್ಳಿ. ತಮಿಳಿನವರಿಗೆ ಇವತ್ತಿಗೂ ಹಾಲು ಹಿಂಡೋದು ಕಱ, ಅಲ್ಲಿಯ ಲಿಪಿಯಲ್ಲಿ ಆ ಅಕ್ಷರ ಜೀವಂತ. ನಿಮ್ಮ ಟೀಮಲ್ಲಿ ಮಲಯಾಳಿಗಳಿದ್ದರೆ ಕೇಳಿ ನೋಡಿ, ಎರಡು ರ ಬೇರೆ ಬೇರೆಯಾಗಿ ಹೇಳಿ ತೋರಿಸ್ತಾರೆ.

ಈ ಕಱೆ ಗೊತ್ತಾದ ಮೇಲೆ ಇನ್ನೊಂದು ಗಂಟು ಬಿಚ್ಚಿಕೊಳ್ತು. ಹೂಮಳೆಗರೆದರು, ಕಂಬನಿಗರೆದರು ಅಂತೀವಲ್ಲ, ಅಲ್ಲಿ ಯಾರೂ ಯಾರನ್ನೂ ಕರೀತಿಲ್ಲ. ಕೆಚ್ಚಲಿನಿಂದ ಹಾಲು ಇಳಿಯುವ ಹಾಗೆ ಮೋಡದಿಂದ ಮಳೆ, ಕಣ್ಣಿಂದ ನೀರು. ಪೇಪರಿನಲ್ಲಿ ನೂರು ಸಲ ಓದಿದ ಪದ. ಅದರೊಳಗೆ ಒಂದು ಹಸು ನಿಂತಿದೆ ಅಂತ ನನಗೆ ಹೊಳೆದಿರಲೇ ಇಲ್ಲ.

ಇದೇ ಥರ ಅಱಿ ಅಂದರೆ ತಿಳಿ, ಅರಿ ಅಂದರೆ ಕತ್ತರಿಸು. ಅರಿವು ಮೊದಲನೆಯದರಿಂದ ಬಂತು. ಈಗ ಎರಡಕ್ಕೂ ಒಂದೇ ಸ್ಪೆಲಿಂಗ್.

ಕಳೆದುಹೋದ ಇನ್ನೊಂದು ಅಕ್ಷರ ೞ. ತಮಿೞ್ ಅನ್ನೋ ಹೆಸರಿನ ಕೊನೆಯಲ್ಲಿ ಬರುತ್ತಲ್ಲ, ಅದೇ. ಅದು ನಮ್ಮಲ್ಲಿ ಹೆಚ್ಚಾಗಿ ಳ ಆಗಿಬಿಡ್ತು. ಆಳ್ ಅಂದರೆ ಆಳ್ವಿಕೆ ಮಾಡು, ಆೞ್ ಅಂದರೆ ಮುಳುಗು. ಅರಸ ಆಳೋದೂ ಬಾವಿಯ ಆಳವೂ ಸಂಬಂಧಿಕರಲ್ಲ, ಅಕ್ಕಪಕ್ಕ ಕೂತ ಅಪರಿಚಿತರು. ಅಳಿದುಳಿದ ಅನ್ನೋ ಮಾತಿನಲ್ಲಿರೋ ಅಳಿ, ಉಳಿ ಎರಡೂ ಒಂದು ಕಾಲಕ್ಕೆ ಅೞಿ, ಉೞಿ. ಅಳಿದುಳಿದಿದ್ದನ್ನ ಹೇಳೋ ಪದದಲ್ಲೇ ಅಕ್ಷರ ಅಳಿದುಹೋಗಿದೆ.

ಪೂರ್ತಿ ಅಳಿದಿಲ್ಲ ಅನ್ನೋದೇ ಸ್ವಾರಸ್ಯ. ಮಕ್ಕಳು ಕನ್ನಡ ಕಲಿಯುವಾಗ “ನಾನು ಬೀಳಿದೆ”, “ಪಾಪು ಅಳಿತು” ಅಂತಾರಲ್ಲ, ನಾವು ತಿದ್ದುತ್ತೀವಿ: ಬಿದ್ದೆ, ಅತ್ತಿತು. ಕೇಳು, ಕೇಳಿದೆ ಆಗುತ್ತೆ. ಬೀಳು ಯಾಕೆ ಬಿದ್ದೆ? ಯಾಕಂದರೆ ಅದು ಬೀೞ್. ಭೂತಕಾಲದಲ್ಲಿ ಬಿೞ್ದು, ಆಮೇಲೆ ನಾಲಿಗೆ ಹೊರಳಿ ಬಿರ್ದು, ಕೊನೆಗೆ ಬಿದ್ದು. ಎೞ್ದು ಹೋಗಿ ಎದ್ದು ಆಗಿದ್ದೂ, ಅೞ್ತು ಹೋಗಿ ಅತ್ತು ಆಗಿದ್ದೂ ಇದೇ ದಾರಿ. ವ್ಯಂಜನದ ಹಿಂದೆ ಸಿಕ್ಕಿಹಾಕಿಕೊಂಡ ೞ ಮೊದಲು ರ ಆಗಿ, ಆಮೇಲೆ ಮುಂದಿನ ಅಕ್ಷರದಲ್ಲೇ ಕರಗಿಹೋಯ್ತು. ಗೞ್ದೆ ಗದ್ದೆಯಾಗಿದ್ದು, ಕೞ್ತೆ ಕತ್ತೆಯಾಗಿದ್ದು ಹೀಗೇ. ಎಲ್ಲ ಕಡೆ ಹೀಗೆ ಆಗಿಲ್ಲ, ಬಾೞ್ ಮಾತ್ರ ಸೀದಾ ಬಾಳಿದ ಅಂತ ಹೋಯ್ತು. ಹಾಗಾಗಿ ಇದನ್ನ ರೂಲ್ ಅನ್ನಬೇಡಿ, ಸುಳಿವು ಅನ್ನಿ. ಅಂತೂ ಮಗು ತಪ್ಪಿದಾಗ ನಾವು ತಿದ್ದೋದು ಒಂದು ಸತ್ತ ಅಕ್ಷರದ ಪರವಾಗಿ.

ಈ ಅಕ್ಷರಗಳು ಕೈಜಾರ್ತಿವೆ ಅಂತ ಆಗಲೇ ಗಮನಿಸಿದವನು ಕೇಶಿರಾಜ. ಕವಿ ಜನ್ನನ ಸೋದರಳಿಯ, ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಅನ್ನೋ ವ್ಯಾಕರಣ ಬರೆದವನು. ಅವನ ಹೊತ್ತಿಗೆ ಆಡುಮಾತಿನಲ್ಲಿ ಱ, ರ ಬೆರೆತುಹೋಗಿದ್ದವು, ೞ ಕೂಡ ಳ ಜೊತೆ ಸೇರಿತ್ತು. ಅವನು ಯಾವ ಪದಕ್ಕೆ ಯಾವ ಅಕ್ಷರ ಅಂತ ಪಟ್ಟಿ ಮಾಡಿಟ್ಟ, ಕನ್ನಡದ ಧಾತುಗಳನ್ನೂ ಒಂದೊಂದಾಗಿ ಜೋಡಿಸಿಟ್ಟ. ಎಲ್ಲರೂ ಸರಿಯಾಗಿ ಹೇಳ್ತಿದ್ದರೆ ಪಟ್ಟಿ ಯಾಕೆ ಬೇಕು? ಯಾರೂ ಓದದ ಡಾಕ್ಯುಮೆಂಟೇಶನ್ ಬರೆದವರಿಗೆ ಅವನ ಕಷ್ಟ ಅರ್ಥವಾಗುತ್ತೆ. ಆರುನೂರು ವರ್ಷದ ಮೇಲೆ ಕಿಟೆಲ್ ಆ ಪುಸ್ತಕವನ್ನೂ ಸಂಪಾದಿಸಿದರು, 1894ರಲ್ಲಿ ತಮ್ಮ ನಿಘಂಟನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಆ ನಿಘಂಟು ತೆಗೆದರೆ ಕರೆ, ಕಱೆ ಎರಡೂ ಬೇರೆ ಬೇರೆಯಾಗೇ ಸಿಗುತ್ತವೆ.

ನಮ್ಮ ಕಾಲದ ಕೊಡುಗೆಯನ್ನೂ ಹೇಳಬೇಕಲ್ಲ. ಯೂನಿಕೋಡ್‌ನ ಕನ್ನಡ ಪಟ್ಟಿಯಲ್ಲಿ ೞ ಇದೆ, ಆದರೆ ಅಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಫ! ಯಾರೋ ತಪ್ಪು ಮಾಡಿದರು. ಒಮ್ಮೆ ಇಟ್ಟ ಹೆಸರು ಬದಲಾಯಿಸುವಂತಿಲ್ಲ ಅನ್ನೋದು ಯೂನಿಕೋಡ್ ನಿಯಮ, ಬದಲಾಯಿಸಿದರೆ ಹಳೇ ಸಾಫ್ಟ್‌ವೇರ್ ಮುರಿಯುತ್ತೆ. ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರು ಸೇರಿಸಿ ಸುಮ್ಮನಾದರು. ಪ್ರೊಡಕ್ಷನ್‌ಗೆ ಹೋದ ವೇರಿಯಬಲ್ ಹೆಸರಿನ ಹಣೆಬರಹ ಇದೇ ಅಲ್ವಾ.

ಇನ್ನು ಱ. ಅದನ್ನ ನಾನು ದಿನಾ ನೋಡ್ತೀನಿ, ಬಾರಾಮತಿಯ ಬೋರ್ಡುಗಳ ಮೇಲೆ! ರೈತರಿಗಾಗಿ ಅನ್ನೋದಕ್ಕೆ ಮರಾಠಿಯಲ್ಲಿ ಶೇತಕಱ್ಯಾಂಸಾಠೀ ಅಂತ ಗೊಬ್ಬರದಂಗಡಿ, ಬ್ಯಾಂಕು ಎಲ್ಲ ಕಡೆ ಬರೆದಿರ್ತಾರೆ. ಅಲ್ಲಿಯ ರ ಮೇಲೆ ಹೋಗಿ ಕೊಕ್ಕೆಯಾಗೋದಿಲ್ಲ, ಯ ಪಕ್ಕ ಕಣ್ಣರೆಪ್ಪೆಯ ಹಾಗೆ ಒಂದು ಗೆರೆಯಾಗಿ ನಿಲ್ಲುತ್ತೆ. ಕೊಕ್ಕೆ ಹಾಕಿ ದರ್ಯಾ ಬರೆದರೆ ಸಮುದ್ರ, ರೆಪ್ಪೆ ಹಾಕಿ ಬರೆದರೆ ಕಣಿವೆಗಳು. ಹಾಗೇ ಒಂದು ಗೆರೆ ಬದಲಾದರೆ ಆಚಾರ್ಯರಿಗೆ ಹೋಗಬೇಕಾದ್ದು ಅಡುಗೆಯವನಿಗೆ ಹೋಗುತ್ತೆ. ಇದು ನಮ್ಮ ಶಕಟರೇಫದ ಉಚ್ಚಾರವಲ್ಲ, ಸಂಬಂಧ ಕಲ್ಪಿಸಬೇಡಿ. ಆದರೆ ಕಂಪ್ಯೂಟರ್‌ನಲ್ಲಿ ಆ ರೆಪ್ಪೆಯನ್ನ ಮೂಡಿಸೋದು ದ್ರಾವಿಡ ಱ ಬರೆಯೋಕೆ ಅಂತ ದೇವನಾಗರಿಯಲ್ಲಿ ಇಟ್ಟಿರೋ ಅಕ್ಷರದಿಂದಲೇ. ಒಂದೇ ಥರ ಕೇಳುವ ಬೇರೆ ಬೇರೆ ಅರ್ಥದ ಪದ ಜೋಡಿಸಿ ಯಮಕ ಕಟ್ಟೋದರಲ್ಲಿ ಹೆಸರಾದ ಮೋರೋಪಂತ (1729–1794) ಇದ್ದಿದ್ದೂ ಇದೇ ಬಾರಾಮತಿಯಲ್ಲಿ. ಗೌರಿಯ ಪ್ರಸಂಗ ಅವನಿಗೆ ಸಿಕ್ಕಿದ್ದರೆ ಬಿಡ್ತಿರಲಿಲ್ಲ.

ಕೊನೆಗೆ ನನ್ನನ್ನ ತುಂಬ ದಿನ ಕಾಡಿದ ಜೋಡಿ. ನಮ್ಮ ತಾತ ಗೇಣಿ ಮಾಡ್ತಿದ್ದರು. 1974ರ ಭೂಸುಧಾರಣೆ ಬಂದಾಗ ಎರಡು ಎಕರೆ ಅವರ ಹೆಸರಿಗಾಯ್ತು. ಉಳುವವನೇ ಒಡೆಯ ಅನ್ನೋ ಕಾಲ. ಉೞು ಅಂದರೆ ನೇಗಿಲು ಹೂಡು, ಉಳ್ ಅಂದರೆ ಇರು, ಇಟ್ಟುಕೊಂಡಿರು. ಉಳುವವನೂ ಉಳ್ಳವನೂ ಅಕ್ಷರದಲ್ಲಿ ಹತ್ತಿರವಾಗಿದ್ದರು, ನಿಜದಲ್ಲಿ ಹತ್ತಿರ ತರೋಕೆ ಕಾಯ್ದೆಯೇ ಬೇಕಾಯ್ತು. ಆ ಎರಡು ಎಕರೆಯಲ್ಲಿ ಅಪ್ಪ ನನ್ನನ್ನ ಎಂಟೆಕ್ ತನಕ ಓದಿಸಿದರು. ಈಗ ಯಾರಾದರೂ ಮಗ ಎಲ್ಲಿ ಅಂತ ಕೇಳಿದರೆ ಅವರ ಉತ್ತರ ಒಂದೇ: “ಹೊಟ್ಟೆ ಹೊರೆಯೋಕೆ ಮಹಾರಾಷ್ಟ್ರಕ್ಕೆ ಹೋಗವ್ನೆ.”

ಆ ಮಾತು ನನಗೆ ಚುಚ್ಚುತ್ತಿತ್ತು. ಹೊರೆ ಅಂದರೆ ಭಾರ. ಹೊಟ್ಟೆ ಅನ್ನೋ ಮೂಟೆ ಹೊತ್ತುಕೊಂಡು ಊರೂರು ಅಲೆಯೋ ಕೂಲಿಯ ಚಿತ್ರ ಕಣ್ಣಮುಂದೆ ಬರ್ತಿತ್ತು. ಎಷ್ಟೋ ಸಲ ಫೋನಿಟ್ಟ ಮೇಲೆ ಸಿಟ್ಟೂ ಬಂದಿದೆ. ಕಱೆ ಹುಡುಕುವಾಗ ಇದನ್ನೂ ನೋಡಿದೆ. ಭಾರ ಅನ್ನೋದು ಪೊಱೆ, ಅದರ ಕ್ರಿಯಾಪದ ಪೊಱು, ಈಗಿನ ಹೊರು. ಅಪ್ಪ ಹೇಳೋದು ಅದಲ್ಲ. ಅದು ಪೊರೆ: ಸಾಕು, ಸಲಹು, ಕಾಪಾಡು. ದೇವರನ್ನ ಪೊರೆಯಪ್ಪಾ ಅಂತ ಬೇಡ್ತೀವಲ್ಲ, ಆ ಪೊರೆ. ಅನುಮಾನ ಇದ್ದರೆ ಭೂತಕಾಲ ಹಾಕಿ ನೋಡಿ: ಮೂಟೆ ಹೊತ್ತ ಅಂತೀವಿ, ಹೊಟ್ಟೆ ಹೊತ್ತ ಅನ್ನಲ್ಲ. ಹೊಟ್ಟೆ ಹೊರೆದ ಅಂತೀವಿ. ಱ, ರ ಒಂದಾಗಿ ಏಳೆಂಟು ಶತಮಾನ ಆದರೂ ಅಪ್ಪನ ಬಾಯಲ್ಲಿ ಎರಡೂ ಬೇರೆಯಾಗೇ ಇದ್ದವು. ಒಂದು ಮಾಡಿಕೊಂಡು ಕೇಳಿಸಿಕೊಂಡವನು ನಾನು.

ಈ ವಿಷಯ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿ, “ಅದರಾಗೇನೈತೆ, ಹೊರೆಯೋದು ಅಂದ್ರೆ ಸಾಕೋದೇ ಅಲ್ವೇನ್ಲಾ” ಅಂದರು. ಆಮೇಲೆ ಫೋನು ಮಗಳ ಕೈಗೆ ಹೋಯ್ತು. ಅಮ್ಮ ಮತ್ತೆ ಗೌರಿ ವಿಷಯ ತೆಗೆದರು. ಇವಳು ಸ್ವಲ್ಪ ಯೋಚಿಸಿ ಕೇಳಿದಳು: “ಯಾವ ಕರೆಯೋದು ಅಜ್ಜಿ? ಕೂಗೋದಾ, ಹಾಲಿಂದಾ?”