ವಕೀಲರ ಫೀಜು: ರೋಮಿನ ಒಂದು ಹಳೆಯ ವ್ಯಾಜ್ಯ

ವಕೀಲರ ಮನೆಯ ಜಗುಲಿಯಲ್ಲಿ ಕುಳಿತು, ಒಳಗಿನಿಂದ ಕರೆ ಬರುವ ಮೊದಲು ಸೊಂಟದ ಗಂಟನ್ನು ಮುಟ್ಟಿ ನೋಡಿಕೊಳ್ಳುವ ಕಕ್ಷಿಗಾರನನ್ನು ನಾವೆಲ್ಲರೂ ಬಲ್ಲೆವು. ನ್ಯಾಯಕ್ಕೂ ಹಣಕ್ಕೂ ಇರುವ ಈ ನಂಟನ್ನು ಕಡಿದುಹಾಕಲು ರೋಮನರು ಶಾಸನವನ್ನೇ ಮಾಡಿದ್ದರು.

ಪ್ರಾಚೀನ ರೋಮಿನಲ್ಲಿ ಪರರ ಪಕ್ಷವನ್ನು ವಾದಿಸುವುದು ಜೀವನೋಪಾಯವಾಗಿರಲಿಲ್ಲ. ಆಶ್ರಿತರಿಗೆ ಆಶ್ರಯದಾತನು ಸಲ್ಲಿಸತಕ್ಕ ಧರ್ಮವಾಗಿತ್ತು. ಆದರೆ ಉಪಕಾರ ಪಡೆದವನು ಬರಿಗೈಯಲ್ಲಿ ಬಂದಾನೆಯೆ? ಕ್ರಿ. ಪೂ. ೨೦೪ರಲ್ಲಿ ಸಿಂಕಿಯಸ್ ಎಂಬ ಟ್ರಿಬ್ಯೂನನು ತಂದ ಶಾಸನವು, ವಾದಿಸುವುದಕ್ಕಾಗಿ ಹಣವನ್ನಾಗಲಿ ಕಾಣಿಕೆಯನ್ನಾಗಲಿ ಸ್ವೀಕರಿಸಕೂಡದೆಂದು ವಿಧಿಸಿತು.

ಶಾಸನವೇನೋ ಉಳಿಯಿತು, ಹಣವು ಬೇರೆ ಹೆಸರುಗಳನ್ನು ತಾಳಿತು. ಉಯಿಲುಗಳ ಮೂಲಕ ತನಗೆ ಎರಡು ಕೋಟಿಗೂ ಮಿಗಿಲಾಗಿ ಸೆಸ್ಟರ್ಸ್ ನಾಣ್ಯಗಳು ಬಂದುವೆಂದು ಸಿಸಿರೋ ತಾನೇ ಹೇಳಿಕೊಂಡಿದ್ದಾನೆ. ಆಪಾದಿತನಾಗಿದ್ದ ಸುಲ್ಲನಿಂದ ಅವನು ಗುಟ್ಟಾಗಿ ಇಪ್ಪತ್ತು ಲಕ್ಷ ಸಾಲ ಪಡೆದನೆಂದೂ, ಮನೆ ಕೊಳ್ಳುವ ಯೋಚನೆಯೇ ತನಗಿಲ್ಲವೆಂದು ಸಾಧಿಸಿ, ಬಳಿಕ ಕೊಂಡನೆಂದೂ ಗೆಲ್ಲಿಯಸ್ ಬರೆಯುತ್ತಾನೆ. ಕೇಳಿದವರಿಗೆ ಅವನು ನಕ್ಕು ಕೊಟ್ಟ ಉತ್ತರವಿದು: ಕೊಳ್ಳುವ ಮನಸ್ಸಿರುವ ಜಾಣ ಗೃಹಸ್ಥನು, ಪೈಪೋಟಿಗೆ ಹೆದರಿ, ಒಲ್ಲೆನೆಂದೇ ಹೇಳುತ್ತಾನೆ! ಈ ಯುಕ್ತಿ ನಮ್ಮ ಗೃಹಸ್ಥರಿಗೂ ಹೊಸದಲ್ಲ.

ಎಲ್ಲವೂ ಹೀಗೆ ನಗೆಯಲ್ಲಿ ಮುಗಿಯಲಿಲ್ಲ. ಚಕ್ರವರ್ತಿ ಕ್ಲಾಡಿಯಸನ ಕಾಲದಲ್ಲಿ ಸಾಮಿಯಸ್ ಎಂಬ ಗಣ್ಯನು ಸ್ವಿಲ್ಲಿಯಸನೆಂಬ ವಾದಿಗೆ ನಾಲ್ಕು ಲಕ್ಷ ಸೆಸ್ಟರ್ಸ್ ತೆತ್ತನು. ವಾದಿಯು ಎದುರುಪಕ್ಷದೊಡನೆ ಒಳಸಂಚು ನಡೆಸಿದ್ದನೆಂದು ತಿಳಿದಾಗ, ಆ ವಾದಿಯ ಮನೆಯಲ್ಲಿಯೇ ತನ್ನ ಕತ್ತಿಯ ಮೇಲೆ ಬಿದ್ದು ಸತ್ತನು. ಕ್ರಿ. ಶ. ೪೭ರಲ್ಲಿ ಸೆನೆಟ್ಟಿನಲ್ಲಿ ಕೋಲಾಹಲವೆದ್ದಿತು. ಹಳೆಯ ಶಾಸನವನ್ನು ಮತ್ತೆ ಬಿಗಿಗೊಳಿಸಬೇಕೆಂದು ಹಲವರು ಕೂಗಿದರು. ಸ್ವಿಲ್ಲಿಯಸನ ಪಕ್ಷದವರು ಅದಕ್ಕೆ ಕೊಟ್ಟ ಉತ್ತರವನ್ನು ಟ್ಯಾಸಿಟಸನು ದಾಖಲಿಸಿದ್ದಾನೆ: ಸೈನಿಕನಿಗೆ ಸಂಬಳವುಂಟು, ರೈತನಿಗೆ ಫಸಲುಂಟು; ಸ್ವಂತ ಕೆಲಸವನ್ನು ಬಿಟ್ಟು ಪರರಿಗಾಗಿ ದುಡಿಯುವವನಿಗೆ ಏನೂ ಇಲ್ಲದಿದ್ದರೆ ವಿದ್ಯೆಯೇ ನಶಿಸೀತು. ಹೇಳಿದವರು ಯೋಗ್ಯರಲ್ಲ, ಆದರೆ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಚರಿತ್ರಕಾರರಿಂದ ಹೆಚ್ಚು ಮನ್ನಣೆ ಪಡೆಯದ ಕ್ಲಾಡಿಯಸನು ಫೀಜಿಗೆ ಹತ್ತು ಸಾವಿರದ ಮಿತಿಯಿಟ್ಟು, ಮೀರಿ ಪಡೆದವನು ಸುಲಿಗೆಯ ಅಪರಾಧಿಯೆಂದು ಗೊತ್ತುಮಾಡಿದನು. ಬಾಯಲ್ಲಿ ಧರ್ಮ, ಕೈಯಲ್ಲಿ ಗುಪ್ತ ಗಂಟು ಎಂಬುದಕ್ಕಿಂತ ಈ ಬಹಿರಂಗ ಲೆಕ್ಕವೇ ಲೇಸೆಂದು ನಮಗೆ ತೋರುತ್ತದೆ.

ಇಂಗ್ಲೆಂಡಿನಲ್ಲಿಯೂ ಬ್ಯಾರಿಸ್ಟರನ ಫೀಜು ಗೌರವದ ಕಾಣಿಕೆಯೆನಿಸಿ, ಬಾಕಿಗಾಗಿ ಅವನು ದಾವೆ ಹೂಡುವಂತಿರಲಿಲ್ಲ. ಆ ನಿಯಮವು ಹೋದದ್ದು ೧೯೯೦ರ ಶಾಸನದಿಂದ. ಬ್ರಿಟಿಷ್ ಇಂಡಿಯಾದಲ್ಲಿ ೧೯೨೬ರ ಶಾಸನವೊಂದು, ಒಪ್ಪಂದದಿಂದ ಫೀಜನ್ನು ಗೊತ್ತುಮಾಡಿಕೊಳ್ಳುವ, ಅದಕ್ಕಾಗಿ ದಾವೆ ಹೂಡುವ ಹಕ್ಕನ್ನು ವಕೀಲರಿಗೆ ಕೊಟ್ಟಿತು. ವಕೀಲನ ಅಲಕ್ಷ್ಯದಿಂದ ಕಕ್ಷಿಗಾರನಿಗೆ ನಷ್ಟವಾದರೆ, ವಕೀಲನೆಂಬ ಕಾರಣ ಮಾತ್ರದಿಂದ ಅವನು ಹೊಣೆಯಿಂದ ಪಾರಾಗುವಂತಿಲ್ಲವೆಂದೂ ಅದೇ ಶಾಸನವು ವಿಧಿಸಿತು.