'ನಂಬರ್ 1 ನೆಟ್‌ವರ್ಕ್' ಎಂಬ ಫಾರ್ವರ್ಡ್ ನಂಬಿ ಪೋರ್ಟ್ ಆಗಬಹುದೇ?

ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಸ್ಪೀಡ್ ಟೆಸ್ಟ್‌ನ ಒಂದು ಸ್ಕ್ರೀನ್‌ಶಾಟ್, ಅದರಲ್ಲಿ ಮೂರಂಕಿಯ ಎಂಬಿಪಿಎಸ್, ಕೆಳಗೆ 'ಇದೇ ದೇಶದ ನಂಬರ್ 1 ನೆಟ್‌ವರ್ಕ್, ಇವತ್ತೇ ಪೋರ್ಟ್ ಆಗಿ' ಎಂಬ ಸಾಲು. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ ಮೂರೂ ದರ ಏರಿಸಿದಾಗ ಇಂಥ ಮೆಸೇಜ್‌ಗಳು ಜೋರಾಗಿ ಹರಿದಾಡಿದವು. ಈಗಲೂ ಕಂಪನಿಯ ಹೆಸರು ಬದಲಾಗಿ ಮತ್ತೆ ಮತ್ತೆ ಬರುತ್ತಲೇ ಇವೆ.

ಇದರಲ್ಲಿ ಎಷ್ಟು ನಿಜ? ಚುಟುಕಾಗಿ ಹೇಳುವುದಾದರೆ, ಆ ಅಂಕಿ ಸುಳ್ಳಾಗಿರಬೇಕಿಲ್ಲ. ಆದರೆ ಅದು ನಿಮ್ಮ ಮನೆಯ ಅಂಕಿ ಅಲ್ಲ.

ಇದನ್ನು ಸಣ್ಣ ವಿಷಯ ಎಂದು ಬಿಡುವಂತಿಲ್ಲ. ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಪೋರ್ಟ್ ಆಗುವಂತಿಲ್ಲ. ಹಳೆಯ ಕಂಪನಿಯಲ್ಲಿ ವರ್ಷದ ರೀಚಾರ್ಜ್ ಮಾಡಿಸಿದ್ದರೆ ಉಳಿದ ದಿನಗಳ ಹಣ ಹೋದಂತೆಯೇ. ಹೊಸ ನೆಟ್‌ವರ್ಕ್ ಮನೆಯೊಳಗೆ ಸಿಗದಿದ್ದರೆ ಬ್ಯಾಂಕ್ ಒಟಿಪಿಗಾಗಿ ಮೂರು ತಿಂಗಳು ಅಂಗಳಕ್ಕೆ ಓಡಾಡಬೇಕಾಗುತ್ತದೆ.

ಸರಾಸರಿ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ?

ಒಂದು ಸುಲಭ ಲೆಕ್ಕ ಮಾಡೋಣ. 'ಅ' ಎಂಬ ಕಂಪನಿ ಪೇಟೆಯಲ್ಲಿ 300 ಎಂಬಿಪಿಎಸ್, ಹಳ್ಳಿಯಲ್ಲಿ 2 ಎಂಬಿಪಿಎಸ್ ಕೊಡುತ್ತದೆ ಎಂದುಕೊಳ್ಳಿ. ಎರಡರ ಸರಾಸರಿ 151. 'ಆ' ಎಂಬ ಕಂಪನಿ ಪೇಟೆಯಲ್ಲಿ 60, ಹಳ್ಳಿಯಲ್ಲಿ 20 ಕೊಡುತ್ತದೆ. ಸರಾಸರಿ 40. ಫಾರ್ವರ್ಡ್‌ನಲ್ಲಿ ಗೆಲ್ಲುವುದು 'ಅ'. ಆದರೆ ಹಳ್ಳಿಯಲ್ಲಿರುವವರಿಗೆ 'ಆ' ಹತ್ತು ಪಟ್ಟು ವೇಗ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸಿಗ್ನಲ್ ಇಲ್ಲದ ಜಾಗದಲ್ಲಿ ಸ್ಪೀಡ್ ಟೆಸ್ಟ್ ನಡೆಯುವುದೇ ಇಲ್ಲ. ಹಾಗಾಗಿ ಆ ಜಾಗ ವೇಗದ ಸರಾಸರಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕುಳಿತಿದ್ದು ನೆನಪಿರಬಹುದು. ಗುಡ್ಡದ ಮೇಲೆ ಟೆಸ್ಟ್ ಮಾಡಿದರೆ ಅದರ ಫಲಿತಾಂಶ ದಾಖಲಾಗುತ್ತದೆ, ಕೆಳಗಿನ ಮನೆಯದು ದಾಖಲಾಗುವುದಿಲ್ಲ. ಆದ್ದರಿಂದ ವೇಗ ಮತ್ತು ಕವರೇಜ್ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಈ ಅಂಕಿಗಳು ಎಲ್ಲಿಂದ ಬರುತ್ತವೆ?

ಮುಖ್ಯವಾಗಿ ಮೂರು ಮೂಲಗಳಿವೆ.

ಮೊದಲನೆಯದು ಬಳಕೆದಾರರ ಫೋನ್‌ಗಳು. ಊಕ್ಲಾ, ಓಪನ್‌ಸಿಗ್ನಲ್‌ನಂಥ ಸಂಸ್ಥೆಗಳು, 2016ರಲ್ಲಿ ಟ್ರಾಯ್ ತಂದ ಮೈಸ್ಪೀಡ್ ಆ್ಯಪ್, ಎಲ್ಲವೂ ಹೀಗೆಯೇ ಮಾಹಿತಿ ಸಂಗ್ರಹಿಸುತ್ತವೆ. ಯಾರು ಹೆಚ್ಚು ಟೆಸ್ಟ್ ಮಾಡುತ್ತಾರೋ ಅವರ ಊರು, ಅವರ ಫೋನ್ ಫಲಿತಾಂಶದಲ್ಲಿ ಹೆಚ್ಚು ತೂಗುತ್ತವೆ. ಹೊಸ 5ಜಿ ಫೋನ್ ಕೊಂಡವರು ಉತ್ಸಾಹದಿಂದ ಟೆಸ್ಟ್ ಮಾಡಿದರೆ ಸರಾಸರಿಯೂ ಏರುತ್ತದೆ.

ಎರಡನೆಯದು ಟ್ರಾಯ್ ನಡೆಸುವ ಡ್ರೈವ್ ಟೆಸ್ಟ್. ಒಂದೇ ವಾಹನದಲ್ಲಿ ಎಲ್ಲ ಕಂಪನಿಗಳ ಸಿಮ್ ಇಟ್ಟುಕೊಂಡು, ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯುತ್ತಾರೆ. ಕಂಪನಿಗಳನ್ನು ಹೋಲಿಸಲು ಇದು ಹೆಚ್ಚು ನ್ಯಾಯವಾದ ವಿಧಾನ. ನಿಮ್ಮ ಊರಿನ ವರದಿ ಟ್ರಾಯ್ ವೆಬ್‌ಸೈಟ್‌ನಲ್ಲಿ ಇದ್ದರೆ ತಪ್ಪದೆ ನೋಡಿ. ಆದರೆ ವಾಹನ ಹೋಗುವುದು ರಸ್ತೆಯ ಮೇಲೆ, ನಿಮ್ಮ ಅಡುಗೆಮನೆಗೆ ಅದು ಬರುವುದಿಲ್ಲ.

ಮೂರನೆಯದು ಕಂಪನಿಗಳ ಕವರೇಜ್ ನಕ್ಷೆ. ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಯಾವ ಪ್ರದೇಶದಲ್ಲಿ 2ಜಿ, 4ಜಿ, 5ಜಿ ಇದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ನಿಮ್ಮ ಊರಿನ ಮೇಲೆ ಬಣ್ಣವೇ ಇಲ್ಲದಿದ್ದರೆ ಆ ಕಂಪನಿಯನ್ನು ಪಟ್ಟಿಯಿಂದ ಬಿಡಬಹುದು. ಬಣ್ಣ ಇದ್ದ ಮಾತ್ರಕ್ಕೆ ಮನೆಯೊಳಗೂ ಸಿಗುತ್ತದೆ ಎಂದು ನಂಬಬೇಡಿ.

5ಜಿ ಇದ್ದರೂ ಮನೆಯೊಳಗೆ ಯಾಕೆ ಸಿಗುವುದಿಲ್ಲ?

ಭಾರತದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಏರ್‌ಟೆಲ್ ಮೊದಲ ದಿನವೇ ಸೇವೆ ತಂದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಆದರೆ 5ಜಿ ಎಂಬ ಗುರುತು ಒಂದೇ ಆದರೂ ಅದರ ಹಿಂದಿನ ತರಂಗಗಳು ಒಂದೇ ಅಲ್ಲ.

700, 900 ಮೆಗಾಹರ್ಟ್ಜ್‌ನಂಥ ಕಡಿಮೆ ಆವರ್ತನದ ತರಂಗಗಳು ದೂರ ಹೋಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. ಆದರೆ ಅವುಗಳಲ್ಲಿ ಸಿಗುವ ಜಾಗ ಕಡಿಮೆ, ಹಾಗಾಗಿ ವೇಗವೂ ಮಿತ. 3300 ಮೆಗಾಹರ್ಟ್ಜ್ ಬ್ಯಾಂಡ್ ಅಗಲವಾದ ಹೆದ್ದಾರಿ ಇದ್ದಂತೆ. ಅಲ್ಲಿ ವೇಗ ಜೋರು, ಆದರೆ ಟವರ್‌ನಿಂದ ದೂರ ಹೋದಂತೆ, ಕಾಂಕ್ರೀಟ್ ಗೋಡೆ ಅಡ್ಡ ಬಂದಂತೆ ಬೇಗ ಸೊರಗುತ್ತದೆ. ಫಾರ್ವರ್ಡ್‌ನ ಮೂರಂಕಿ ವೇಗ ಸಾಮಾನ್ಯವಾಗಿ ಈ ಬ್ಯಾಂಡ್‌ನದು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಕೊಂಡಿದ್ದು ಜಿಯೋ ಮಾತ್ರ. ಹಾಗಂತ ಜಿಯೋ ಎಲ್ಲೆಡೆ ಚೆನ್ನಾಗಿ ಸಿಗುತ್ತದೆ ಎಂದಲ್ಲ. ಹತ್ತಿರದಲ್ಲಿ ಯಾರ ಟವರ್ ಇದೆ ಎಂಬುದೇ ಕೊನೆಗೆ ಮುಖ್ಯವಾಗುತ್ತದೆ.

ಅಷ್ಟು ವೇಗ ನಮಗೆ ಬೇಕೇ?

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2 ಎಂಬಿಪಿಎಸ್. ಎಚ್‌ಡಿ ವಿಡಿಯೋ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. ಯುಪಿಐ ಪಾವತಿಗೆ ಅದರಲ್ಲಿ ಚೂರೂ ಬೇಡ, ಸಂಪರ್ಕ ಕಡಿದುಹೋಗದಿದ್ದರೆ ಆಯಿತು. 200 ಮತ್ತು 300 ಎಂಬಿಪಿಎಸ್ ನಡುವಿನ ವ್ಯತ್ಯಾಸ ಹೆಚ್ಚಿನವರ ಕೈಗೆ ಗೊತ್ತೇ ಆಗುವುದಿಲ್ಲ. 0.5 ಮತ್ತು 5ರ ನಡುವಿನದು ಕೂಡಲೇ ಗೊತ್ತಾಗುತ್ತದೆ.

ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಮೆಗಾಬೈಟ್ ಅಲ್ಲ ಎಂಬುದೂ ನೆನಪಿರಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 80 ಎಂಬಿಪಿಎಸ್ ವೇಗದಲ್ಲಿ ಸೆಕೆಂಡಿಗೆ ಇಳಿಯುವುದು 10 ಮೆಗಾಬೈಟ್.

ಹಲವು ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಸಂಜೆ ಹೊತ್ತಿಗೆ ನೆಟ್ ಸತ್ತಂತಾದರೆ ನೆಟ್‌ವರ್ಕನ್ನು ಬೈಯುವ ಮೊದಲು ಡೇಟಾ ಉಳಿದಿದೆಯೇ ಎಂದು ನೋಡಿಕೊಳ್ಳಿ.

'ಬಿಎಸ್‌ಎನ್‌ಎಲ್ ಈಗ ಟಾಟಾದ್ದು' ಎಂಬುದು ನಿಜವೇ?

ಸುಳ್ಳು. ಬಿಎಸ್‌ಎನ್‌ಎಲ್ ಈಗಲೂ ಸರ್ಕಾರಿ ಕಂಪನಿ. ಅದರ 4ಜಿ ಜಾಲ ಕಟ್ಟುವ ಗುತ್ತಿಗೆ ಟಿಸಿಎಸ್ ನೇತೃತ್ವದ ತಂಡಕ್ಕೆ ಸಿಕ್ಕಿದೆ, ಮಾಲೀಕತ್ವ ಅಲ್ಲ. ಸ್ವದೇಶಿ ತಂತ್ರಜ್ಞಾನದ ಈ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಚಾಲನೆ ಸಿಕ್ಕಿತು. ಅಗ್ಗದ ಪ್ಲಾನ್ ನೋಡಿ ಬಿಎಸ್‌ಎನ್‌ಎಲ್‌ಗೆ ಹೋಗುವುದು ತಪ್ಪಲ್ಲ. ನಿಮ್ಮ ಊರಿನ ಟವರ್‌ಗೆ 4ಜಿ ಬಂದಿದೆಯೇ ಎಂದು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ.

ಹಾಗಾದರೆ ನಾವೇ ಪರೀಕ್ಷಿಸುವುದು ಹೇಗೆ?

1. ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದನ್ನು ಫೋನ್ ಕಂಪನಿಗಳೇ ತೀರ್ಮಾನಿಸುತ್ತವೆ. ಒಂದು ಫೋನಿನ ನಾಲ್ಕು ಕಡ್ಡಿ ಇನ್ನೊಂದರಲ್ಲಿ ಎರಡಾಗಬಹುದು.

2. ಡಿಬಿಎಂ ಅಂಕಿ ನೋಡಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದರೆ ಇದು ಕಾಣುತ್ತದೆ. ಅಂಕಿಯ ಮುಂದೆ ಮೈನಸ್ ಇರುವುದರಿಂದ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚಿಂತೆಯಿಲ್ಲ, ಮೈನಸ್ 110 ದಾಟಿದರೆ ತೊಂದರೆ ಶುರು. ಪ್ರತಿ 10 ಡಿಬಿಎಂ ವ್ಯತ್ಯಾಸಕ್ಕೆ ಸಿಗ್ನಲ್ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ಮೈನಸ್ 85ಕ್ಕೂ ಮೈನಸ್ 105ಕ್ಕೂ ನೂರು ಪಟ್ಟು ಅಂತರ.

3. ಪೋರ್ಟ್ ಆಗುವ ಮೊದಲು ಸಿಮ್ ಎರವಲು ಪಡೆಯಿರಿ. ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನೋ ನೆಂಟರನ್ನೋ ಫೋನ್ ಸಮೇತ ಮನೆಗೆ ಕರೆಯಿರಿ. ಯಾರೂ ಸಿಗದಿದ್ದರೆ ಒಂದು ತಿಂಗಳ ಮಟ್ಟಿಗೆ ಎರಡನೇ ಸಿಮ್ ಹಾಕಿ ನೋಡಿ. 90 ದಿನ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಅದು ವಾಸಿ.

4. ವೈಫೈ ಆಫ್ ಮಾಡಿ, ಸಾಧ್ಯವಾದರೆ ಒಂದೇ ಫೋನ್‌ನಲ್ಲಿ ಎರಡೂ ಸಿಮ್ ಹಾಕಿ ಟೆಸ್ಟ್ ಮಾಡಿ. ಮಲಗುವ ಕೋಣೆ, ಅಡುಗೆಮನೆ, ಅಂಗಡಿ, ತೋಟ, ಹೀಗೆ ನೀವು ನಿಜವಾಗಿ ಫೋನ್ ಬಳಸುವ ಜಾಗಗಳಲ್ಲೇ ನೋಡಿ.

5. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ 9ರ ಸುಮಾರಿಗೆ ಮೂರು ಸಲ ಅಳೆಯಿರಿ. ಎಲ್ಲರೂ ವಿಡಿಯೋ ನೋಡುವ ರಾತ್ರಿಯ ಹೊತ್ತಿನ ಅಂಕಿಯೇ ಅಸಲಿ. 5ಜಿಯಲ್ಲಿ ಒಂದೊಂದು ಸ್ಪೀಡ್ ಟೆಸ್ಟ್‌ಗೂ ನೂರಾರು ಎಂಬಿ ಖರ್ಚಾಗಬಹುದು, ದಿನದ ಡೇಟಾ ಕಡಿಮೆ ಇರುವವರು ಎಚ್ಚರ.

6. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು ಕರೆ ಮಾತ್ರ ಕಡಿಯುತ್ತಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಪೋರ್ಟ್ ಆಗುವ ಅಗತ್ಯವೇ ಬೀಳದಿರಬಹುದು.

ಪೋರ್ಟ್ ಆಗುವುದೇ ಎಂದು ತೀರ್ಮಾನಿಸಿದರೆ

ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಮೊಬೈಲ್ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಎಂಟು ಅಕ್ಷರದ ಯುಪಿಸಿ ಕೋಡ್ ನಮ್ಮಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಮಾತ್ರ ಕೊಡಿ. 'ಉಚಿತವಾಗಿ ಪೋರ್ಟ್ ಮಾಡಿಕೊಡುತ್ತೇವೆ, ಕೋಡ್ ಹೇಳಿ' ಎಂದು ಫೋನ್ ಬಂದರೆ, ಲಿಂಕ್ ಬಂದರೆ ಯಾವ ಕಾರಣಕ್ಕೂ ಹೇಳಬೇಡಿ. ನಿಮ್ಮ ನಂಬರ್ ಬೇರೆಯವರ ಕೈಗೆ ಹೋದರೆ ಒಟಿಪಿಗಳೂ ಅವರಿಗೇ ಹೋಗುತ್ತವೆ.

ನಮ್ಮ ತೀರ್ಮಾನ

'ದೇಶದ ನಂಬರ್ 1' ಎಂಬುದು ಯಾರು, ಎಲ್ಲಿ, ಯಾವಾಗ ಅಳೆದರು ಎಂದು ತಿಳಿಯದಿದ್ದರೆ ಬರೀ ಜಾಹೀರಾತು. ನಿಮ್ಮ ಓಣಿಯ ನಂಬರ್ 1 ಯಾವುದು ಎಂದು ಹೇಳಬಲ್ಲವರು ನಿಮ್ಮ ಅಕ್ಕಪಕ್ಕದವರು. ಮುಂದಿನ ಸಲ ಗ್ರೂಪ್‌ನಲ್ಲಿ ಅಂಥ ಸ್ಕ್ರೀನ್‌ಶಾಟ್ ಬಂದರೆ ಫಾರ್ವರ್ಡ್ ಮಾಡುವ ಬದಲು ಒಂದು ಪ್ರಶ್ನೆ ಕೇಳಿ: 'ಇದು ಯಾವ ಊರಲ್ಲಿ ಮಾಡಿದ ಟೆಸ್ಟ್?'