ಕೆರೆಗೆ ಮರಿ ಬಿಡೋ ಮುಂಚೆ ಒಂದು ಹಳೇ ಲೆಕ್ಕ

ಹೋದ ಭಾನುವಾರ ಅರಳಿಕಟ್ಟೆ ಮೇಲೆ ಕೂತಿದ್ದಾಗ ಈ ಸಲ ಕೆರೆಗೆ ಯಾವ ಮರಿ ಬಿಡಬೇಕು ಅನ್ನೋ ಮಾತು ಬಂತು. ಕೆರೆ ಗುತ್ತಿಗೆ ಹಿಡಿದಿರೋ ನಮ್ಮ ಹುಡುಗರು ಕಾಟ್ಲಾ ಇಷ್ಟು, ರೋಹು ಇಷ್ಟು ಅಂತ ಲೆಕ್ಕ ಹಾಕ್ತಿದ್ರು. ಅಷ್ಟರಲ್ಲಿ ಒಬ್ಬ, "ಕ್ಯಾಟ್‌ಫಿಶ್ ಬಿಟ್ಬುಡಣ್ಣೋ, ಕೋಳಿ ಕರುಳು ಹಾಕಿದ್ರೂ ತಿನ್ಕೊಂಡ್ ಬೆಳೀತದೆ, ನೀರು ಕಮ್ಮಿ ಆದ್ರೂ ಸಾಯಕ್ಕಿಲ್ಲ" ಅಂದ. ನಾನು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು. ಯಾಕೆ ಬಿಡಲಿಲ್ಲ ಅನ್ನೋದನ್ನ ಕೆಳಗೆ ಹೇಳ್ತೀನಿ. ಮೊದಲು ಹಳೇದನ್ನ ಬರೀತೀನಿ, ಆಗಲೇ ಅದು ಅರ್ಥ ಆಗೋದು.

ನಮ್ಮ ತಾತ ಹೇಳ್ತಿದ್ದ ಕೆರೆಯೇ ಬೇರೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯ್ತು. ಇರ್ವಿನ್ ನಾಲೆ, ಅಂದ್ರೆ ನಾವೀಗ ವಿಶ್ವೇಶ್ವರಯ್ಯ ನಾಲೆ ಅನ್ನೋದು, ಹುಲಿಕೆರೆ ಸುರಂಗ ದಾಟಿ ಮಂಡ್ಯದ ಕಡೆ ನೀರು ತಂದಿದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆ ಕೆರೆಗಳೆಲ್ಲ ಮಳೆ ನಂಬಿಕೊಂಡಿದ್ದವು. ಬೇಸಿಗೆ ಬಂದ್ರೆ ನೀರು ತೂಬಿನ ಕೆಳಕ್ಕೆ ಇಳೀತಿತ್ತು, ಕೆಲವು ವರ್ಷ ಅಂಗಳವೇ ಬಿರುಕು ಬಿಡ್ತಿತ್ತು. ಮೊಣಕಾಲುದ್ದ ನೀರು ಉಳಿದಾಗ ಊರೋರೆಲ್ಲ ಬುಟ್ಟಿ, ಬೀಸುಬಲೆ, ಹಳೇ ಸೀರೆ ಹಿಡ್ಕೊಂಡು ಕೆರೆಗೆ ಇಳೀತಿದ್ರಂತೆ. ಹರಿಗೋಲು, ದೊಡ್ಡ ಬಲೆ ಇದ್ದವರು ಬೆಸ್ತರ ಮನೆಯವರು ಮಾತ್ರ. ಮಿಕ್ಕೋರದ್ದು ಕೆಸರಲ್ಲಿ ಕೈಹಾಕಿ ಹಿಡಿಯೋ ಬೇಟೆ.

ಆಗ ಸಿಗ್ತಿದ್ದಿದ್ದು ಗೆಂಡೆ, ಕೊರವ, ಚೇಳುಮೀನು, ಹಾವುಮೀನು, ಹೊಳೆ ಕಡೆಯಿಂದ ಏರಿ ಬಂದ ಬಾಳೆ. ಇವೆಲ್ಲ ಬತ್ತೋ ಕೆರೆಗೇ ಹುಟ್ಟಿದ ಜಾತಿಗಳು. ಕೊರವ, ಚೇಳು ಎರಡೂ ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿ ಕುಡೀತಾವೆ, ಕೆಸರೊಳಗೆ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರ್ತಾವೆ. ಮುಂಗಾರಿನ ಹೊಸ ನೀರು ಬಿದ್ದ ತಕ್ಷಣ ಗೆಂಡೆ ಕೋಡಿ ಹತ್ತಿ, ಗದ್ದೆ ಬಯಲಿಗೆ ನುಗ್ಗಿ ಮೊಟ್ಟೆ ಇಡ್ತಿದ್ದವು. ಗದ್ದೆ ಮಡವೆಯಲ್ಲಿ ಬಿದಿರಿನ ಬುಟ್ಟಿ ಒಡ್ಡಿದ್ರೆ ಬೆಳಗಾಗೋದ್ರೊಳಗೆ ಸಾರಿಗಾಗೋಷ್ಟು ಬೀಳ್ತಿತ್ತು. ಯಾರೂ ಮರಿ ಬಿಡ್ತಿರಲಿಲ್ಲ. ಬಿಡೋದು ಅನ್ನೋ ಮಾತೇ ಇರಲಿಲ್ಲ.

ನಾಲೆ ಬಂದ ಮೇಲೆ ಕೆರೆ ಬತ್ತೋದು ನಿಂತಿತು. ನಮಗೆ ಅನ್ನ ಕೊಟ್ಟಿದ್ದು ಆ ನೀರೇ, ಅದರ ಮೇಲೆ ಎರಡು ಮಾತಿಲ್ಲ. ಮೀನಿಗೆ ಕೇಡು ಬಂದಿದ್ದು ಅದರ ಹಿಂದಿನಿಂದ. 60ರ ದಶಕದ ಕೊನೆಗೆ ಐಆರ್ 8 ಭತ್ತ ಬಂತು, ಜೊತೆಗೆ ಎಂಡ್ರಿನ್ ಬಂತು. ಎಂಡ್ರಿನ್ ಹೊಡೆದ ಗದ್ದೆ ನೀರು ಹಳ್ಳಕ್ಕೆ ಇಳಿದ್ರೆ ಏಡಿ, ಮೀನು ಮಗುಚಿ ತೇಲ್ತಿದ್ದಿದ್ದನ್ನ ಅರವತ್ತು ದಾಟಿದೋರು ಯಾರನ್ನ ಕೇಳಿದ್ರೂ ಹೇಳ್ತಾರೆ. ಮೀನು ಹಿಡಿಯೋಕೇ ಅದನ್ನ ಸುರಿದೋರೂ ಇದ್ರು. ಗೆಂಡೆ ಮೊಟ್ಟೆ ಇಡೋ ಜಾಗವೇ ವಿಷ ಆಯ್ತು.

ಈಗ ನಮ್ಮ ಸಂತೇಲಿ ತೂಗೋ ಮೀನಿನ ಕತೆಗೆ ಬರೋಣ. 1799ರಲ್ಲಿ ಟಿಪ್ಪು ಬಿದ್ದ ಮಾರನೇ ವರ್ಷ ಕಂಪನಿಯೋರು ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸಿದ್ರು. ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ಅವನು ಹೋಗಿದ್ದು ನಮ್ಮ ಮದ್ದೂರು, ಮಂಡ್ಯದ ಮೇಲೇನೇ. ಬೆಳೆ, ಕೆರೆ, ಕಂದಾಯ ಎಲ್ಲ ಬರ್ಕೊಂಡ. ಅದೇ ಮನುಷ್ಯ ಆಮೇಲೆ ಬಂಗಾಳದಲ್ಲಿದ್ದು ಗಂಗಾ ನದಿ ಮೀನುಗಳ ಮೇಲೆ ಪುಸ್ತಕ ಬರೆದ, ಅದು 1822ರಲ್ಲಿ ಅಚ್ಚಾಯ್ತು. ರೋಹು, ಕಾಟ್ಲಾ, ಮೃಗಾಲ್ ಮೂರಕ್ಕೂ ವಿಜ್ಞಾನದ ಹೆಸರು ಕೊಟ್ಟೋನು ಅವನೇ. ಅವನು ಮದ್ದೂರು ಕೆರೆ ಪಕ್ಕ ಹಾದು ಹೋದಾಗ ಆ ಮೂರರಲ್ಲಿ ಒಂದೂ ಈ ಕಡೆ ನೀರಲ್ಲಿ ಇರಲಿಲ್ಲ. ಇವತ್ತು ಅದೇ ಕೆರೇಲಿ ಬಲೆ ಹಾಕಿದ್ರೆ ಬರೋದೇ ಅವು. ಇದು ನೆನಪಾದಾಗಲೆಲ್ಲ ನನಗೆ ಒಂಥರಾ ನಗು ಬರ್ತದೆ.

ಗಂಗೆ ಮೀನು ಕಾವೇರಿ ಸೀಮೆಗೆ ಸುಲಭಕ್ಕೆ ಬರಲಿಲ್ಲ. ಅವು ಹರಿಯೋ ನೀರಲ್ಲೇ ಮೊಟ್ಟೆ ಇಡೋದು, ನಿಂತ ನೀರಲ್ಲಿ ಇಡಲ್ಲ. ಹಾಗಾಗಿ ಬಂಗಾಳದ ಹೊಳೆಯಿಂದ ಮರಿ ಹಿಡಿದು ರೈಲಲ್ಲಿ ತರಬೇಕಿತ್ತು, ದಾರೀಲಿ ಸತ್ತಿದ್ದೆಷ್ಟೋ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮೀನಿನ ತಲೆಯೊಳಗಿನ ಗ್ರಂಥಿ ತೆಗೆದು, ಅದರ ರಸವನ್ನ ಇನ್ನೊಂದು ಮೀನಿಗೆ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದ್ರು. ಜುಲೈ 10ನ್ನ ಮೀನು ಕೃಷಿಕರ ದಿನ ಅಂತ ಮಾಡೋದು ಅದಕ್ಕೇ. ಆಮೇಲೆ ಸರ್ಕಾರದ ಮೀನುಮರಿ ಕೇಂದ್ರಗಳಲ್ಲಿ ಮರಿ ಮಾಡಿ ಕೊಡೋದು ಸಲೀಸಾಯ್ತು. ಕನ್ನಂಬಾಡಿ ಕೆಳಗೂ ಒಂದಿದೆ, ನಮ್ಮಲ್ಲಿ ಎಷ್ಟೋ ಜನ ಅಲ್ಲಿಂದ ಆಕ್ಸಿಜನ್ ಕವರಲ್ಲಿ ಮರಿ ತಂದೋರೇ. ಜಿಲೇಬಿದು ಬೇರೆ ದಾರಿ. ಅದು ಆಫ್ರಿಕಾ ಮೂಲದ್ದು, ಭಾರತಕ್ಕೆ ತಂದಿದ್ದು 1952ರಲ್ಲಿ. ಬಡವರಿಗೆ ಅಗ್ಗದ ಮೀನು ಆಗಲಿ ಅಂತ ಬಿಟ್ರು. ಬಾಯಲ್ಲೇ ಮರಿ ಸಾಕ್ಕೊಂಡು ವರ್ಷಕ್ಕೆ ಹಲವು ಸಲ ಸಂಸಾರ ಮಾಡೋ ಜಾತಿ, ಗೆಂಡೆಗೆ ಜಾಗವೇ ಉಳಿಯಲಿಲ್ಲ. ನಮ್ಮ ಮಕ್ಕಳು ಅದನ್ನೇ ನಾಟಿ ಮೀನು ಅಂದ್ಕೊಂಡಿದ್ದಾವೆ.

ಕೆರೆ ಕತೆ ಇದು. ಹೊಳೆ ಕತೆ ಇದಕ್ಕಿಂತ ಕಹಿ.

ಮಳವಳ್ಳಿ ತಾಲ್ಲೂಕಿನೋರಿಗೆ ಬಿಳಿಮೀನು ಗೊತ್ತು. ಮಹಶೀರ್ ಅಂತಾರಲ್ಲ, ಅದರಲ್ಲೂ ಬೆನ್ನು ಗೂನಾಗಿರೋ ದೊಡ್ಡ ಜಾತಿ, ಇರೋದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದೋರು, ಅದೇ ಹುಲಿ, ಚಿರತೆ ಚರ್ಮ ತುಂಬಿ ಕೊಡ್ತಿದ್ದೋರು, ಕಬಿನಿಯಲ್ಲಿ ಗಾಳ ಹಾಕಿ ಹಿಡಿದಿದ್ದು 120 ಪೌಂಡ್ ತೂಗ್ತು. ಅಂದ್ರೆ 54 ಕೆ.ಜಿ., ಒಂದು ಮೂಟೆ ಯೂರಿಯಾಕ್ಕಿಂತ ಭಾರ. ಗಾಳಕ್ಕೆ ಸಿಕ್ಕಿದ ಮಹಶೀರ್‌ನಲ್ಲಿ ಅದೇ ದಾಖಲೆ. ಗಾಳದ ಆಟ ದೊರೆಗಳು ಕಲಿಸಿಕೊಟ್ಟಿದ್ದು ಅಂದ್ಕೋಬೇಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದೊಳಗೆ ಮೀನು ಹಿಡಿಯೋ ವಿನೋದಕ್ಕೆ ಒಂದು ಭಾಗವನ್ನೇ ಬರೆಸಿದ್ದಾನೆ. ಗಾಳ, ದಾರ, ಎರೆ ಎಲ್ಲ ಅದರಲ್ಲಿದೆ.

ಮೇಲೆ ಕನ್ನಂಬಾಡಿ, ಕೆಳಗೆ 1934ರಲ್ಲಿ ಮೆಟ್ಟೂರು ಅಣೆಕಟ್ಟು, ನಡುವೆ ಬಿಳಿಮೀನು ಸಿಕ್ಕಿಹಾಕ್ಕೊಳ್ತು. ಅದರ ಮೇಲೆ ಸಿಡಿಮದ್ದು. ಮದ್ದು, ವಿಷ ಹಾಕಿ ಮೀನು ಕೊಲ್ಲಬಾರದು ಅಂತ 1897ರಲ್ಲೇ ಕಾಯ್ದೆ ಇತ್ತು. ಕಲ್ಲುಕೋರೆಗಳಿಂದ ಬಂದ ಮದ್ದು ಮಡುವಿಗೆ ಬೀಳ್ತಾನೇ ಇತ್ತು. ದೊಡ್ಡದು ಒಂದಕ್ಕಾಗಿ ಮರಿ ಸಾವಿರ ಸಾಯೋವು.

1977–78ರಲ್ಲಿ ಇಂಗ್ಲೆಂಡಿನಿಂದ ಮೂವರು ಗಾಳದ ಹುಚ್ಚಿನೋರು ಬಂದು, ಮುಗಿದೇ ಹೋಯ್ತು ಅಂದ್ಕೊಂಡಿದ್ದ ಮೀನು ಇನ್ನೂ ಇದೆ ಅಂತ ತೋರಿಸಿದ್ರು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕಡೆ ಗಾಳದ ಶಿಬಿರಗಳು ಎದ್ದವು. ಹಿಡಿ, ತೂಕ ಬರಿ, ವಾಪಸ್ ಬಿಡು, ಇದು ಅಲ್ಲಿನ ಕಟ್ಟಳೆ. ಕದ್ದು ಮೀನು ಹಿಡೀತಿದ್ದ ಹೊಳೆದಂಡೆ ಜನಕ್ಕೇ ಅಲ್ಲಿ ಕೆಲಸ ಕೊಟ್ರು. ಮಡು ಎಲ್ಲಿ, ಬಂಡೆ ಎಲ್ಲಿ ಅಂತ ಅವರಿಗಿಂತ ಬಲ್ಲೋರು ಯಾರು? ಗಾಳಕ್ಕೆ ಕಟ್ಟೋ ಎರೆ ಯಾವುದು ಗೊತ್ತಾ? ರಾಗಿ ಮುದ್ದೆ! ಮಸಾಲೆ ಸೇರಿಸಿ ಗಟ್ಟಿಯಾಗಿ ಬೇಯಿಸಿದ ಉಂಡೆ. ಮಂಡ್ಯದ ಮೀನು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು.

ಎಡವಿದ್ದು ಆ ಒಳ್ಳೇ ಕಾಲದಲ್ಲೇ. ಮೀನು ಹೆಚ್ಚಲಿ ಅಂತ ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನ ತಂದು ಕಾವೇರಿಗೆ ಬಿಟ್ರು. ಅದೂ ಮಹಶೀರೇ ತಾನೇ ಅಂತ. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಶಿಬಿರದ ತೂಕದ ಪುಸ್ತಕ ಇತ್ತಲ್ಲ, 1998ರಿಂದ 2012ರವರೆಗಿನ ಆ ಲೆಕ್ಕ ಕೂಡಿಸಿದಾಗ ನೀಲಿ ರೆಕ್ಕೆಯದು ಏರ್ತಾ ಏರ್ತಾ ಹೋಗಿತ್ತು, ನಮ್ಮ ಗೂನುಬೆನ್ನಿನದು ಪುಸ್ತಕದಿಂದಲೇ ಮಾಯ ಆಗ್ತಾ ಬಂದಿತ್ತು. ಹೊರಗಿಂದ ನೋಡೋರಿಗೆ ಹೊಳೆ ತುಂಬ ಮಹಶೀರ್. ಅಷ್ಟೊತ್ತಿಗೆ ಅಭಯಾರಣ್ಯದೊಳಗೆ ಗಾಳ ಹಾಕೋದೂ ನಿಂತಿತು. 2018ರಲ್ಲಿ ವಿಜ್ಞಾನಿಗಳು ಇದು ಟಾರ್ ರೆಮಾದೇವಿಯೈ ಅನ್ನೋ ಜಾತಿ ಅಂತ ಖಚಿತ ಮಾಡಿದ್ರು. ರೆಮಾದೇವಿ ಅನ್ನೋ ಮೀನು ವಿಜ್ಞಾನಿಯ ಹೆಸರು ಅದು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಮ್ಮ ತಾತಂದಿರು ನೂರಾರು ವರ್ಷ ಬಿಳಿಮೀನು ಅಂತ ಕರೆದಿದ್ದಕ್ಕೆ ಪುಸ್ತಕದಲ್ಲಿ ಸರಿಯಾದ ಹೆಸರು ಸಿಕ್ಕಿದ್ದು ಅದು ಹೋಗೋ ಹೊತ್ತಿಗೆ.

ಕೊಕ್ಕರೆಬೆಳ್ಳೂರು ನಮ್ಮ ಮಗ್ಗುಲಲ್ಲೇ ಇದೆ. ಆ ಊರ ಹುಣಸೆ ಮರದ ಹೆಜ್ಜಾರ್ಲೆಗಳು ಊಟಕ್ಕೆ ಬರೋದು ಶಿಂಷಾಕ್ಕೆ, ನಮ್ಮ ನಮ್ಮ ಕೆರೆಗಳಿಗೆ. 2017ರ ಕೊನೆಯಿಂದ ಅವು ಮರದಿಂದ ಉದುರಿ ಸಾಯೋಕೆ ಶುರುವಾದಾಗ ಹೊಟ್ಟೆ ಸೀಳಿ ನೋಡಿದ್ರೆ ತುಂಬ ಹುಳ. ತಿಂದ ಮೀನಿಂದಲೇ ಬಂದಿದ್ದು. ನೀರು ಕೆಟ್ರೆ ಮೊದಲು ಮೀನಿಗೆ, ಆಮೇಲೆ ಹಕ್ಕಿಗೆ. ಮೂರನೇದು ಯಾರ ತಟ್ಟೆ ಅಂತ ನಾನು ಬರೆಯೋದು ಬೇಡ.

ಈಗ ನನ್ನ ವಿಚಾರ. ಕೆಲವು ವರ್ಷದ ಹಿಂದೆ ಕಬ್ಬಿನ ಗದ್ದೆ ಪಕ್ಕದ ಕೃಷಿ ಹೊಂಡಕ್ಕೆ, ಬೈಕಲ್ಲಿ ಮಾರ್ಕೊಂಡು ಬಂದೋನ ಹತ್ರ ಇನ್ನೂರು ಮರಿ ತಗೊಂಡೆ. ಮೀಸೆ ಇತ್ತು. ನಾಟಿ ಚೇಳಣ್ಣ ಅಂದ. ಮೂರು ತಿಂಗಳಿಗೆ ಗೊತ್ತಾಯ್ತು ಅದು ಆಫ್ರಿಕನ್ ಕ್ಯಾಟ್‌ಫಿಶ್ ಅಂತ. ಸಾಕಬಾರದು ಅಂತ ಸರ್ಕಾರದ ನಿಷೇಧ ಇರೋದೂ ಆಮೇಲೆ ತಿಳೀತು. ತಿಳಿದ ದಿನವೇ ಹೊಂಡ ಬತ್ತಿಸಬೇಕಿತ್ತು. ಇಷ್ಟು ಬೆಳೆದಿದ್ದಾವೆ, ಮಾರಿ ಬಿಡೋಣ ಅಂತ ಆಸೆ ಬಿತ್ತು, ಮುಂದಕ್ಕೆ ಹಾಕಿದೆ. 2022ರ ಮಳೆ ನಿಮಗೆಲ್ಲ ನೆನಪಿದೆ, ಹೆದ್ದಾರಿ ಮೇಲೇ ನೀರು ನಿಂತ ವರ್ಷ. ರಾತ್ರಿ ಹೊಂಡ ತುಂಬಿ ಬದು ಒಡೀತು. ಬೆಳಿಗ್ಗೆ ಹೋಗಿ ನೋಡಿದ್ರೆ ನೀರು ಹಳ್ಳಕ್ಕೆ ಹರೀತಿತ್ತು. ಹಳ್ಳ ಶಿಂಷಾಕ್ಕೆ, ಶಿಂಷಾ ಶಿವನಸಮುದ್ರದ ಕೆಳಗೆ ಕಾವೇರಿಗೆ. ಬಿಳಿಮೀನು ಇದ್ದ ಅದೇ ಹೊಳೆಗೆ. ಎಷ್ಟು ಹೋದವು ಲೆಕ್ಕ ಇಲ್ಲ. ಮನೇಲೂ ಹೇಳಿರಲಿಲ್ಲ. ಅರಳಿಕಟ್ಟೆ ಮೇಲೆ ನಾಲಿಗೆ ಏಳದೇ ಇದ್ದಿದ್ದು ಇದಕ್ಕೆ.

ಹೊಂಡದಲ್ಲಿ ಇನ್ನೂ ಕೆಲವು ಉಳಿದಿದ್ದಾವೆ, ಮೊನ್ನೆ ಒಂದು ಮೊಳದುದ್ದದ್ದು ಬಾಯಿ ತೆರೆದು ಮೇಲೆ ಬಂತು. ಬರೋ ಶನಿವಾರ ಮೋಟರ್ ಇಟ್ಟು ಪೂರ್ತಿ ಬತ್ತಿಸ್ತಾ ಇದ್ದೀನಿ. ಇದು ಕೆಸರಲ್ಲಿ ಹೂತ್ಕೊಂಡು ಕೂರೋ ಮೀನು, ಒಬ್ಬನ ಕೈಲಿ ಆಗೋ ಕೆಲಸ ಅಲ್ಲ. ಕೆರೆ ಹಿಡಿದಿರೋ ಹುಡುಗರೂ ಬನ್ನಿ, ಕ್ಯಾಟ್‌ಫಿಶ್ ಬಿಡೋಣ ಅಂದ ತಮ್ಮನೂ ಬರ್ಲಿ. ಸನಿಕೆ, ಮಂಕರಿ ಇದ್ರೆ ತನ್ನಿ, ಮಧ್ಯಾಹ್ನದ ಮುದ್ದೆ ನಮ್ಮನೇದು.